ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಲಿ?

ಸಂಪಾದಕರ ಉತ್ತರ

ಕೆಂಗೇರಿ ಉಪನಗರದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: ವಯಸ್ಸು 52. ಸಾಗರದವರು, ನಾಲ್ಕು ವರ್ಷದ ಹಿಂದೆ 140 ಮನೆಗಳ ಅಪಾರ್ಟ್‌ಮೆಂಟಿಗೆ ಬಂದರು. ಯಜಮಾನರದು ಬ್ಯಾಂಕ್ ಕೆಲಸ, ಈಗ ಬೆಳಗಾವಿಗೆ ವರ್ಗವಾಗಿದೆ, ತಿಂಗಳಿಗೆ ಎರಡು ಸಲ ಬರುತ್ತಾರೆ. ಮಗಳು ಹೈದರಾಬಾದಿನಲ್ಲಿ. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ತಲೆಸುತ್ತು ಬಂದು ಹಾಸಿಗೆಯಿಂದ ಏಳಲಾಗಲಿಲ್ಲ. ಫೋನಿನಲ್ಲಿ ನಾನೂರು ಹೆಸರು, ಆ ಹೊತ್ತಿನಲ್ಲಿ ಕರೆಯಬಹುದಾದ ಹೆಸರು ಒಂದೂ ಸಿಗಲಿಲ್ಲ. ಮಗಳೇ ಹೈದರಾಬಾದಿನಿಂದ ಸೆಕ್ಯೂರಿಟಿಗೆ ಫೋನ್ ಮಾಡಿ ಮೇಲೆ ಕಳಿಸಬೇಕಾಯಿತು. "ಕಿಟ್ಟಿ ಪಾರ್ಟಿ ನನಗೆ ಒಗ್ಗುವುದಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 180 ಜನ ಇದ್ದಾರೆ, ಬರೋದೆಲ್ಲ ಟ್ಯಾಂಕರ್ ಮತ್ತು ಪಾರ್ಕಿಂಗ್ ಜಗಳ. ಈ ವಯಸ್ಸಿನಲ್ಲಿ ನಮ್ಮವರು ಅನ್ನುವ ಬಳಗ ಕಟ್ಟೋದು ಹೇಗೆ? ಕೇಳೋಕೇ ನಾಚಿಕೆ ಆಗುತ್ತೆ" ಎಂದು ಬರೆದಿದ್ದಾರೆ.

ಮಾನ್ಯರೆ,

ವೈದ್ಯರಿಗೆ ತೋರಿಸಿದಿರೋ ಇಲ್ಲವೋ, ಪತ್ರದಲ್ಲಿಲ್ಲ. ತಲೆಸುತ್ತು ಒಂದೇ ಸಲ ಬಂದು ಹೋಗಿದ್ದರೂ ಮೊದಲು ತೋರಿಸಿಬಿಡಿ. ಉಳಿದದ್ದು ಆಮೇಲೆ.

ನಾಚಿಕೆಯ ಮಾತು ಬಿಡಿ. 2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ ಆಗಿದ್ದ ವಿವೇಕ್ ಮೂರ್ತಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದೇ ಗುರುತಿಸಿ ಸಲಹಾಪತ್ರ ಹೊರಡಿಸಿದರು. ಅವರ ಮನೆತನದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಒಂದು ದೇಶ ಸಿಗರೇಟಿನ ಸಾಲಿನಲ್ಲಿಟ್ಟು ಮಾತಾಡಿದ ವಿಷಯವನ್ನು ನೀವು ಪತ್ರದಲ್ಲಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಅಪರಾತ್ರಿಯಲ್ಲಿ ಬಾಗಿಲಿಗೆ ಬರುವವರು ಯಾರು? ಮನಸ್ಸು ಬಿಚ್ಚಿ ಮಾತಾಡಲು ಯಾರು? ನಾನು ಇಂಥ ಬಳಗದವಳು ಅನ್ನಿಸಿಕೊಳ್ಳುವುದು ಎಲ್ಲಿ? ಈ ಮೂರನ್ನೂ ಒಬ್ಬರಲ್ಲೇ ಹುಡುಕಿದರೆ ಯಾರೂ ಸಾಲದವರಾಗಿಯೇ ಕಾಣುತ್ತಾರೆ. ಬೇರೆ ಬೇರೆ ಮಾಡಿಕೊಂಡರೆ ಒಂದೊಂದಕ್ಕೂ ದಾರಿಯಿದೆ.

ಮೊದಲನೆಯದಕ್ಕೆ ಗೆಳೆತನವೂ ಬೇಕಿಲ್ಲ, ಹತ್ತಿರ ಇದ್ದರೆ ಸಾಕು. ಈ ವಾರವೇ ಮುಗಿಸಿಬಿಡಬಹುದು. ನಿಮ್ಮದೇ ಮಹಡಿಯಲ್ಲಿ ಎರಡು ಮನೆ, ಕೆಳಗಿನ ಅಥವಾ ಮೇಲಿನ ಮಹಡಿಯಲ್ಲಿ ಒಂದು ಮನೆ ಆರಿಸಿಕೊಳ್ಳಿ. ಸಂಜೆ ಹೊತ್ತು ಬಾಗಿಲು ತಟ್ಟಿ ನೇರವಾಗಿ ಕೇಳಿ: "ನಮ್ಮನೆಯವರು ಬೆಳಗಾವಿಯಲ್ಲಿರ್ತಾರೆ, ನಾನೊಬ್ಬಳೇ ಇರ್ತೀನಿ. ರಾತ್ರಿ ಏನಾದ್ರೂ ಆದ್ರೆ ನಿಮಗೆ ಫೋನ್ ಮಾಡಬಹುದಾ? ನೀವೂ ಎಷ್ಟು ಹೊತ್ತಲ್ಲಾದ್ರೂ ಮಾಡಿ." ಆ ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ ಕೇಳಿದವರಿಗೆ ಹೊರೆ ಅನ್ನಿಸುತ್ತದೆ, ಅದಿದ್ದರೆ ಒಪ್ಪಂದ ಅನ್ನಿಸುತ್ತದೆ. ಮೂರೂ ನಂಬರುಗಳನ್ನು ಫೋನಿನ ಮೊದಲ ಸಾಲಿಗೆ ತನ್ನಿ, 112 ಮತ್ತು 108ರ ಜೊತೆಗೆ.

ಇನ್ನೊಂದು ಬೀಗದ ಕೈ ಒಬ್ಬರ ಮನೆಯಲ್ಲಿರಲಿ. ಕೊಡಲು ಹಿಂಜರಿಕೆಯಾದರೆ ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ಕೊಡಿ. ಆದರೆ ಒಂದು ಎಚ್ಚರ: ಒಳಗಿನಿಂದ ಚಿಲಕ ಹಾಕಿ ಮಲಗುವ ಅಭ್ಯಾಸವಿದ್ದರೆ ಆ ಕೀಲಿಯಿಂದ ಏನೂ ಪ್ರಯೋಜನವಿಲ್ಲ. ಎಷ್ಟೋ ಕಡೆ ಕೀಲಿ ಕೈಯಲ್ಲಿದ್ದೂ ಬಾಗಿಲು ಒಡೆಯಬೇಕಾಗುವುದು ಇದಕ್ಕೇ. ಒಬ್ಬರೇ ಇರುವ ರಾತ್ರಿ ಬೀಗ ಮಾತ್ರ ತಿರುಗಿಸಿ, ಚಿಲಕ ಬೇಡ. ಒಂದು ಹಾಳೆಯಲ್ಲಿ ನಿಮ್ಮ ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ ಮತ್ತು ಪ್ರಮಾಣ, ಯಾವ ಔಷಧ ಆಗಿಬರುವುದಿಲ್ಲ, ಯಾವ ಆಸ್ಪತ್ರೆ, ಆರೋಗ್ಯ ವಿಮೆಯ ಪಾಲಿಸಿ ನಂಬರು, ಯಜಮಾನರ ಮತ್ತು ಮಗಳ ನಂಬರು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಇವೇ ವಿವರಗಳನ್ನು ಫೋನಿನ 'ತುರ್ತು ಮಾಹಿತಿ'ಯಲ್ಲಿ ತುಂಬಿಸಿಟ್ಟರೆ ಲಾಕ್ ತೆಗೆಯದೆಯೇ ಬೇರೆಯವರು ನೋಡಬಹುದು.

ಪಕ್ಕದ ಮನೆಯವರೇ ಯಾಕೆ ಎಂದರೆ, ಗೆಳೆತನದ ಬಗ್ಗೆ ನಡೆದ ಹಳೆಯ ಅಧ್ಯಯನಗಳಲ್ಲೊಂದು ಇಂಥದೇ ವಸತಿ ಸಮುಚ್ಚಯದಲ್ಲಿ ನಡೆದದ್ದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸಂಸಾರಸ್ಥರ ವೆಸ್ಟ್‌ಗೇಟ್ ಮನೆಗಳಲ್ಲಿ ಯಾರಿಗೆ ಯಾರು ಸ್ನೇಹಿತರು ಎಂದು ಫೆಸ್ಟಿಂಜರ್, ಶಾಕ್ಟರ್ ಮತ್ತು ಬ್ಯಾಕ್ ಎಂಬ ಮೂವರು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಒಂದೇ ಮಹಡಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಯವರು ಆಪ್ತರಾಗುವ ಸಾಧ್ಯತೆ ಶೇ. 41. ಅದೇ ಮಹಡಿಯ ಆ ತುದಿ ಈ ತುದಿಯವರದು ಶೇ. 10. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಹೆಚ್ಚು ಸ್ನೇಹಿತರು. ಸ್ವಭಾವಕ್ಕಿಂತ ಎದುರಾಗುವುದೇ ಹೆಚ್ಚು ಕೆಲಸ ಮಾಡಿತ್ತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಬಂದು ಆ ಎದುರಾಗುವುದನ್ನೇ ಕಿತ್ತುಕೊಂಡಿದೆ. ಲಿಫ್ಟಿನಲ್ಲಿ ಎಲ್ಲರೂ ಫೋನು ನೋಡುತ್ತಾರೆ.

ಈಗ ಗೆಳೆತನದ ವಿಷಯ. ಇಲ್ಲಿ ಕೊರತೆ ನಿಮ್ಮ ಸ್ವಭಾವದ್ದಲ್ಲ, ಗಂಟೆಗಳದ್ದು. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಖಪರಿಚಯ ಸಾಧಾರಣ ಸ್ನೇಹವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಸ್ನೇಹಿತರು ಎನ್ನಲು 90, ಆಪ್ತರು ಎನ್ನಲು 200ಕ್ಕೂ ಹೆಚ್ಚು. ಒಂದೇ ಕಡೆ ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಬಿಡುವಿನಲ್ಲಿ ಜೊತೆಗಿದ್ದದ್ದೇ ಬರುತ್ತದೆ ಎಂಬುದೂ ಅದರಲ್ಲಿದೆ. ಅಮೆರಿಕದ ಅಂಕಿ, ನಮಗೆ ಹಾಗೆಯೇ ಅನ್ವಯಿಸಬೇಕಿಲ್ಲ. ಆದರೂ ಅಂದಾಜಿಗೆ ಸಾಕು. ಲಿಫ್ಟಿನಲ್ಲಿ ದಿನಕ್ಕೆ ಎರಡು ನಿಮಿಷ, ವಾರಕ್ಕೆ ಐದು ದಿನ ಒಬ್ಬರೊಡನೆ "ಊಟ ಆಯ್ತಾ" ಎಂದು ಮಾತಾಡಿದರೆ ವರ್ಷಕ್ಕೆ ಒಂಬತ್ತು ಗಂಟೆಯೂ ಆಗುವುದಿಲ್ಲ. ನಾಲ್ಕು ವರ್ಷಕ್ಕೆ ಮೂವತ್ತೈದು. ನಾಲ್ಕು ವರ್ಷವಾದರೂ ಯಾರೂ ಹತ್ತಿರವಾಗಲಿಲ್ಲ ಎಂದಿರಲ್ಲ, ಲೆಕ್ಕದ ಪ್ರಕಾರ ಆಗುವುದಕ್ಕೆ ಸಾಧ್ಯವೇ ಇರಲಿಲ್ಲ. ಅದೇ ವಾರಕ್ಕೆ ಎರಡು ಗಂಟೆ ಜೊತೆಗೆ ಕೂತರೆ ಆರು ತಿಂಗಳಿಗೆ 50, ವರ್ಷದೊಳಗೆ 90, ಎರಡು ವರ್ಷಕ್ಕೆ 200.

ಹಾಗಾಗಿ ಸ್ನೇಹಿತರನ್ನು ಹುಡುಕಲು ಹೋಗಬೇಡಿ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ನಡೆಯುವ ಕೆಲಸವೊಂದನ್ನು ಶುರು ಮಾಡಿ. ಕೆಲಸ ಯಾವುದಾದರೂ ಆಗಲಿ, ಒಂದು ಕಥೆ ಗಟ್ಟಿಯಾಗಿ ಓದುವುದು, ದೇವರನಾಮ, ಕಸೂತಿ, ತಾರಸಿಯ ಕೈತೋಟ. ಕೈಗೆ ಅಥವಾ ಕಣ್ಣಿಗೆ ಏನಾದರೂ ಕೆಲಸ ಇರಬೇಕು. ಬರೀ ಮಾತಿಗೆಂದು ಸೇರಿದ ಗುಂಪು ಎರಡನೇ ತಿಂಗಳಿಗೆ ಹಾಜರಿಲ್ಲದವರ ಬಗ್ಗೆ ಮಾತಾಡತೊಡಗುತ್ತದೆ.

ಕರೆಯುವ ಬಗೆ. 180 ಜನರ ಗುಂಪಿನಲ್ಲಿ ಸಂದೇಶ ಹಾಕಬೇಡಿ, ನಲವತ್ತು ಹೆಬ್ಬೆರಳು ಬರುತ್ತವೆ, ಜನ ಬರುವುದಿಲ್ಲ. ಮೊದಲು ಒಬ್ಬರನ್ನು ಒಪ್ಪಿಸಿ, ಯಾರೂ ಬರದಿದ್ದರೂ ನಾವಿಬ್ಬರು ಕೂರುತ್ತೇವೆ ಎನ್ನುವ ಒಬ್ಬರನ್ನು. ಆಮೇಲೆ ಇಬ್ಬರೂ ಸೇರಿ ಹತ್ತು ಹನ್ನೆರಡು ಜನರನ್ನು ಮುಖತಃ ಕರೆಯಿರಿ. "ಯಾವಾಗಲಾದ್ರೂ ಸೇರೋಣ" ಎಂದಲ್ಲ. "ಬುಧವಾರ ಹತ್ತೂವರೆಗೆ, ಕ್ಲಬ್ ಹೌಸ್ ವರಾಂಡದಲ್ಲಿ, ಹನ್ನೆರಡೂವರೆಗೆ ಎದ್ದುಬಿಡೋಣ, ಆರು ವಾರ ನೋಡೋಣ." ಮುಗಿಯುವ ಹೊತ್ತು ಹೇಳದಿದ್ದರೆ ಮನೆಯಲ್ಲಿ ಅತ್ತೆ, ಮಗು, ಮಧ್ಯಾಹ್ನದ ಅಡುಗೆ ಇರುವವರು ಬರುವುದೇ ಇಲ್ಲ. ಆರು ವಾರ ಎಂದರೆ ಒಪ್ಪಿಕೊಳ್ಳುವುದು ಸುಲಭ, ಬಿಡುವವರಿಗೆ ಮರ್ಯಾದೆಯಿಂದ ಬಿಡುವುದೂ ಸುಲಭ. ಹನ್ನೆರಡು ಜನರನ್ನು ಕರೆದರೆ ಐದಾರು ಜನ ಬಂದಾರು. ಅಷ್ಟು ಸಾಕು. ಎಂಟು ದಾಟಿದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ.

ಆಷಾಢ ಒಳ್ಳೆಯ ಮುಹೂರ್ತ. ನಗಬೇಡಿ. ಮದುವೆ ಮುಂಜಿ ಇರುವುದಿಲ್ಲ, ಶಾಲೆಗಳು ಶುರುವಾಗಿರುತ್ತವೆ. ಶ್ರಾವಣದಲ್ಲಿ ಶುರು ಮಾಡಿದರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ಅಲ್ಲಿಂದ ದಸರೆ ಎಂದು ಮೂರು ವಾರಕ್ಕೊಮ್ಮೆ ತಪ್ಪುತ್ತದೆ. ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್ ಮೇನಲ್ಲಿ ಊರು ಮತ್ತು ಮದುವೆ.

ಜಾಗ ಮೊದಲ ಕೆಲವು ತಿಂಗಳು ಯಾರ ಮನೆಯೂ ಬೇಡ. ಮನೆಮನೆಗೆ ಸರದಿ ಹಾಕಿದ ಕೂಡಲೇ ತಿಂಡಿಯ ಪೈಪೋಟಿ ಶುರುವಾಗುತ್ತದೆ. ಮೊದಲ ಮನೆಯಲ್ಲಿ ಕಾಫಿ, ಚಕ್ಕುಲಿ. ಎರಡನೆಯದರಲ್ಲಿ ಅದರ ಜೊತೆ ಕೇಸರಿಭಾತು. ನಾಲ್ಕನೆಯ ಮನೆಯಾಕೆ ಹಿಂದಿನ ದಿನವೇ ದೋಸೆಗೆ ನೆನೆಹಾಕುತ್ತಾಳೆ. ಐದನೆಯಾಕೆ "ಈ ತಿಂಗಳು ನಮ್ಮನೇಲಿ ಆಗಲ್ಲ" ಎನ್ನುತ್ತಾಳೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತಾಳೆ. ಬಳಗಗಳು ಜಗಳಕ್ಕಿಂತ ಹೆಚ್ಚಾಗಿ ತಿಂಡಿಗೆ ಮುರಿದುಬೀಳುತ್ತವೆ. ಫ್ಲಾಸ್ಕಿನಲ್ಲಿ ಕಾಫಿ, ಹೊರಗಿನಿಂದ ತಂದ ಒಂದು ಪೊಟ್ಟಣ ಬಿಸ್ಕತ್ತು ಅಥವಾ ಕಡಲೆಪುರಿ, ಅದಕ್ಕಿಂತ ಹೆಚ್ಚು ಯಾರೂ ತರಬಾರದು. ತಲೆಗೆ ತಿಂಗಳಿಗೆ ನೂರು ರೂಪಾಯಿ ಡಬ್ಬಿಗೆ, ಖರ್ಚು ಒಂದು ನೋಟ್‌ಬುಕ್ಕಿಗೆ.

ಹಣ ಅಲ್ಲಿಗೇ ನಿಲ್ಲಲಿ. ಯಾರಾದರೂ ಒಬ್ಬರು ಚೀಟಿ ಹಾಕೋಣ ಎಂದೇ ಎನ್ನುತ್ತಾರೆ. ಬೇಡ. ನೋಂದಣಿಯಿಲ್ಲದೆ ಚೀಟಿ ನಡೆಸುವುದು 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಅಪರಾಧ. ಅದು ಹಾಗಿರಲಿ, ಒಬ್ಬರು ಎರಡು ಕಂತು ತಪ್ಪಿಸಿದರೆ ಇಡೀ ಬಳಗವೇ ಸಾಲ ವಸೂಲಿಗೆ ನಿಲ್ಲಬೇಕಾಗುತ್ತದೆ. ಕ್ರೀಮು, ಪ್ರೋಟೀನ್ ಪುಡಿ, ಪಾಲಿಸಿ ಮಾರುವುದಕ್ಕೂ ಇದೇ ಮಾತು: ಬಳಗದೊಳಗೆ ವ್ಯಾಪಾರವಿಲ್ಲ ಎಂದು ಮೊದಲ ದಿನವೇ ಹೇಳಿ. ಮೂರನೇ ತಿಂಗಳು ಹೇಳಿದರೆ ಒಬ್ಬರನ್ನು ಬೆರಳು ಮಾಡಿ ತೋರಿಸಿದಂತಾಗುತ್ತದೆ.

ಹಣವನ್ನೇ ನೆಚ್ಚಿ ನಿಂತ ಬಳಗಗಳೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ, ಮತ್ತು ಅವುಗಳಿಂದ ಕಲಿಯುವುದಿದೆ. ಎಂಬತ್ತರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ಒಡೆದ ಮೇಲೆ, ಒಬ್ಬರನ್ನೊಬ್ಬರು ಮೊದಲೇ ನಂಬಿದ್ದ ಕೆಲವೇ ಜನ ಸೇರಿ ಮಾಡಿಕೊಂಡ ಸಣ್ಣ ಗುಂಪುಗಳು ಉಳಿದುಕೊಂಡವು. ಸ್ವಸಹಾಯ ಸಂಘಗಳ ಬೇರುಗಳಲ್ಲಿ ಅದೂ ಒಂದು. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು, 2000-01ರಲ್ಲಿ ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದವು. ಹಳ್ಳಿಯ ಸಂಘದಲ್ಲಿ ವಾರದ ಸಭೆ ತಪ್ಪುವುದಿಲ್ಲ, ಹಾಜರಿ ಹಾಕುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ. ಒಬ್ಬಾಕೆ ಎರಡು ವಾರ ಬಾರದಿದ್ದರೆ ಮೂರನೆಯ ವಾರ ಯಾರಾದರೂ ಅವಳ ಮನೆಗೆ ಹೋಗಿ ಬರುತ್ತಾರೆ. ಸಾಲ ನಿಮಗೆ ಬೇಡ, ಆ ಶಿಸ್ತು ಬೇಕು.

ಎರಡನೇ ತಿಂಗಳು ನಿಮ್ಮ ಗುಂಪು ಕುಸಿಯುತ್ತದೆ. ಇದು ನಡೆದೇ ನಡೆಯುವಂಥದ್ದು, ಮೊದಲೇ ತಿಳಿದಿರಲಿ. ಆರು ಜನ ಇದ್ದಲ್ಲಿ ಇಬ್ಬರು ಬರುತ್ತಾರೆ. ಆ ದಿನ ರದ್ದು ಮಾಡಬೇಡಿ, ಇಬ್ಬರೇ ಕೂತು ಓದಿ ಎದ್ದು ಬನ್ನಿ. ಒಂದು ಸಲ ರದ್ದಾದರೆ ಮುಂದಿನ ವಾರ ಇದೆಯೋ ಇಲ್ಲವೋ ಎಂದು ಎಲ್ಲರೂ ಕೇಳತೊಡಗುತ್ತಾರೆ, ಕೇಳಬೇಕಾದ ಸಭೆಗೆ ಯಾರೂ ಬರುವುದಿಲ್ಲ. ಬಾರದವರಿಗೆ "ಯಾಕೆ ಬರಲಿಲ್ಲ" ಎಂದು ಬರೆಯಬೇಡಿ. "ಇವತ್ತು ಅರ್ಧ ಕಥೆ ಆಯ್ತು, ಮುಂದಿನ ಬುಧವಾರ ಅಲ್ಲಿಂದ" ಎಂದಷ್ಟೇ ಬರೆಯಿರಿ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಹೊಣೆ ಕೊಡಿ: ವರಾಂಡದ ಕೀಲಿ ಒಬ್ಬರು, ಜಮಖಾನ ಒಬ್ಬರು, ಫ್ಲಾಸ್ಕು ಒಬ್ಬರು. ಕೀಲಿ ಕೈಯಲ್ಲಿರುವವರು ತಪ್ಪಿಸುವುದಿಲ್ಲ.

ಇಷ್ಟಾದರೂ ಅದು ಗುಂಪೇ, ಗೆಳೆತನವಾಗುವುದು ಗುಂಪಿನ ಹೊರಗೆ. ಆರು ಜನರಲ್ಲಿ ಒಬ್ಬಿಬ್ಬರ ಮಾತು ನಿಮಗೆ ಹಿಡಿಸುತ್ತದೆ. ಅವರೊಡನೆ ಬೇರೆ ಒಂದು ಕೆಲಸಕ್ಕೆ ಹೋಗಿ. ಗಾಂಧಿ ಬಜಾರಿಗೆ ಹೂವು ಹಣ್ಣಿಗೆ, ಬ್ಯಾಂಕಿಗೆ, ಕಣ್ಣಿನ ಪರೀಕ್ಷೆಗೆ. ಆಮೇಲೆ ಸಣ್ಣದೊಂದು ಸಹಾಯ ಕೇಳಿ. ನಮ್ಮ ಓದುಗರು ಇಲ್ಲಿಯೇ ಎಡವುತ್ತಾರೆ. ಕೊಡುವುದಕ್ಕೆ ಎಲ್ಲರೂ ಮುಂದೆ, ಕೇಳುವುದಕ್ಕೆ ಯಾರೂ ಇಲ್ಲ. ಯಾರ ಹಂಗೂ ಬೇಡ ಎಂದು ಕೊತ್ತಂಬರಿ ಸೊಪ್ಪಿನಿಂದ ಹಿಡಿದು ಎಲ್ಲವನ್ನೂ ಮೊಬೈಲಿನಲ್ಲಿ ತರಿಸುತ್ತೇವೆ. ನಿಮ್ಮ ಮಲೆನಾಡಿನ ಗದ್ದೆ ತೋಟಗಳಲ್ಲಿ ಮುಯ್ಯಾಳು ನಡೆಯುತ್ತಿದ್ದದ್ದು ನೋಡಿರುತ್ತೀರಿ. ಇವತ್ತು ನಾವು ನಿಮ್ಮ ನೆಟ್ಟಿಗೆ, ನಾಳಿದ್ದು ನೀವು ನಮ್ಮದಕ್ಕೆ. ಅಲ್ಲಿ ಲೆಕ್ಕ ಯಾವತ್ತೂ ಪೂರ್ತಿ ಚುಕ್ತಾ ಆಗುತ್ತಿರಲಿಲ್ಲ, ಒಂದಾಳಿನ ಬಾಕಿ ಯಾರ ಕಡೆಗಾದರೂ ಇದ್ದೇ ಇರುತ್ತಿತ್ತು. ಆ ಬಾಕಿಯೇ ಮುಂದಿನ ಭೇಟಿಗೆ ಕಾರಣ.

ಹಾಗಾಗಿ ಸಣ್ಣದರಿಂದ ಶುರು ಮಾಡಿ. ಮೊದಲು ಒಂದು ಬಟ್ಟಲು ಹೆಪ್ಪು. ಆಮೇಲೆ, ಮನೆಗೆ ಬರುವ ಪಾರ್ಸೆಲ್ ತೆಗೆದಿಡುವುದು. ಆಮೇಲೆ, ಊರಿಗೆ ಹೋದಾಗ ಗಿಡಕ್ಕೆ ನೀರು. ಅದೂ ಆದ ಮೇಲೆ, ರಕ್ತಪರೀಕ್ಷೆಗೆ ಜೊತೆಗೆ ಬರುವುದು. ಒಂದೊಂದು ಮೆಟ್ಟಿಲಿಗೆ ತಿಂಗಳು ಹಿಡಿದರೂ ಅವಸರವಿಲ್ಲ. ಅವರ ಮನೆಯಿಂದ ಡಬ್ಬಿ ಬಂದರೆ ಅದೇ ಸಂಜೆ ತುಂಬಿಸಿ ವಾಪಸು ಕೊಡಬೇಡಿ. ನಾಲ್ಕು ದಿನ ನಿಮ್ಮಲ್ಲೇ ಇರಲಿ. ಕೂಡಲೇ ತೀರಿಸಿದರೆ ವ್ಯವಹಾರ ಮುಗಿಯಿತು ಎಂದೇ ಅರ್ಥವಾಗುತ್ತದೆ. ನೀವು ಕೇಳಿದ ಮೂರು ಸಲವೂ ಬಂದು, ತಾವು ಒಮ್ಮೆಯೂ ಏನನ್ನೂ ಕೇಳದವರಿದ್ದರೆ ನೀವೇ ಕೇಳುವ ಅವಕಾಶ ಮಾಡಿಕೊಡಿ: "ಶನಿವಾರ ಮಾರ್ಕೆಟ್ಟಿಗೆ ಹೋಗ್ತಿದ್ದೀನಿ, ಏನು ತರಲಿ?" ಇನ್ನು ಮೂರು ಸಲ ಪಡೆದು, ನಿಮ್ಮ ಸರದಿ ಬಂದಾಗ ಮೂರು ಸಲವೂ ಕೈಯೆತ್ತಿದವರನ್ನು ಬುಧವಾರದ ಗುಂಪಿನಲ್ಲೇ ಇಟ್ಟುಕೊಳ್ಳಿ. ಬಿಡಬೇಕಾಗಿಲ್ಲ, ಕೀಲಿ ಕೊಡಬೇಕಾಗಿಯೂ ಇಲ್ಲ.

ಬಳಗಕ್ಕೆ ಅರಿಶಿನ ಕುಂಕುಮದ ನೆಪ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಬ್ಬಕ್ಕೆ ಕರೆಯುವುದು ನಿಮ್ಮಿಷ್ಟ. ಆದರೆ ಬಳಗವೇ ಅದರ ಮೇಲೆ ನಿಂತರೆ ಗಂಡ ತೀರಿಕೊಂಡವರು, ಮದುವೆಯಾಗದವರು, ಬೇರೆ ಧರ್ಮದವರು ಬಾಗಿಲ ಹೊರಗೇ ಉಳಿಯುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಬಳಗದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು, ಬಿಡುವು ಹೆಚ್ಚಾಗಿರುವುದು, ಕರೆದರೆ ತಪ್ಪದೆ ಬರುವುದೂ ಅವರೇ. ಭಾಷೆಯ ತೊಡಕಿಗೆ ನಮ್ಮ ಸಲಹೆ ಬೇರೆ: ಮಹಡಿಯ ನೆರೆಯವರು ಹಿಂದಿಯವರೋ ತಮಿಳರೋ ಆದರೆ ಓದುವ ಗುಂಪಿನ ಬದಲು ಬೆಳಗಿನ ನಡಿಗೆ ಅಥವಾ ಕೈತೋಟ ಇಟ್ಟುಕೊಳ್ಳಿ, ಎರಡು ಮಾತು ಕನ್ನಡ ಅವರೂ ಕಲಿಯುತ್ತಾರೆ. ಕನ್ನಡದ ಓದಿಗೆ ಅಪಾರ್ಟ್‌ಮೆಂಟಿನ ಗೇಟು ದಾಟಿ ಮೂರು ಕಿಲೋಮೀಟರ್ ಸುತ್ತಳತೆಯಲ್ಲಿ ಜನರನ್ನು ನೋಡಿ. ಸಂಜೆ ಹೊತ್ತು ಹೊರಡಲು ಆಗುವುದಾದರೆ ಬಸವನಗುಡಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ್ದು, ಕನ್ನಡ ಉಪನ್ಯಾಸಗಳು ನಡೆಯುತ್ತವೆ. ಇಂಥ ಕಡೆ ಒಂದು ಸಲ ಹೋಗಿ ಬಂದರೆ ಏನೂ ಆಗುವುದಿಲ್ಲ. ಸತತ ಹೋಗಿ, ಅದೇ ಸಾಲಿನಲ್ಲಿ ಕೂರಿ, ಹತ್ತು ನಿಮಿಷ ಮೊದಲು ಹೋಗಿ, ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಪರಿಚಯವಾಗುವುದು ಆ ಇಪ್ಪತ್ತು ನಿಮಿಷಗಳಲ್ಲಿ. ಕೆಂಗೇರಿಗೆ ಮೆಟ್ರೊ ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ನಮ್ಮ ರಾಜ್ಯದ ಹೆಂಗಸರಿಗೆ ಉಚಿತ, ಬಸ್ಚಾರ್ಜಿನ ನೆಪವೂ ಹೋಯಿತು.

ಒಳಗಿನ ಮಾತು ಹೊರಗೆ ಹೋಗುವುದು ಇನ್ನೊಂದು ತೊಂದರೆ. ಯಾರದೋ ಮಗನ ವಿಚ್ಛೇದನದ ಸುದ್ದಿ ಬುಧವಾರ ಹೇಳಿದ್ದು ಶುಕ್ರವಾರ ಲಿಫ್ಟಿನಲ್ಲಿ ಕೇಳಿಸುತ್ತದೆ. ಗುಂಪಿನ ಮುಂದೆ ಎತ್ತಬೇಡಿ, ವಾರದೊಳಗೆ ಆ ಒಬ್ಬರನ್ನೇ ಕಂಡು ಹೇಳಿಬಿಡಿ. ತಡಮಾಡಿದಷ್ಟೂ ಅದು ಪಕ್ಷ ಕಟ್ಟುತ್ತದೆ. ಎಂಟು ಜನರ ವಾಟ್ಸಾಪ್ ಗುಂಪು ಬೇರೆಯೇ ಇರಲಿ. ಅದರಲ್ಲಿ ದಿನ, ಜಾಗ, ಬರ್ತೀನಿ, ಬರಲ್ಲ, ಇಷ್ಟೇ. ಶುಭೋದಯದ ಚಿತ್ರಗಳಿಗೂ ಚುನಾವಣೆಗೂ ಜಾಗವಿಲ್ಲ.

ಬಳಗದಲ್ಲಿ ಒಬ್ಬರು ಕಾಯಿಲೆ ಬಿದ್ದಾಗ "ಏನಾದ್ರೂ ಬೇಕಾದ್ರೆ ಹೇಳಿ" ಎನ್ನುವುದು ಉಪಯೋಗಕ್ಕೆ ಬಾರದ ಮಾತು, ಯಾರೂ ಹೇಳುವುದಿಲ್ಲ. "ನಾಳೆ ಹನ್ನೆರಡೂವರೆಗೆ ಅನ್ನ ಸಾರು ತರ್ತೀನಿ, ಖಾರ ಕಮ್ಮಿ" ಎನ್ನಿ. ಒಬ್ಬರು ಮಾತ್ರ ಆ ಮನೆಯವರೊಡನೆ ಮಾತಾಡಿ ಉಳಿದವರಿಗೆ ತಿಳಿಸಲಿ, ಇಲ್ಲದಿದ್ದರೆ ಆಸ್ಪತ್ರೆಯಲ್ಲಿರುವವರು ಏಳು ಫೋನಿಗೆ ಒಂದೇ ಕಥೆ ಹೇಳಬೇಕಾಗುತ್ತದೆ. ಒಂದು ವಾರದ ಊಟದ ಸರದಿ ಹಾಳೆಯಲ್ಲಿ ಬರೆದು ಹಂಚಿ. ಬರೆಯದಿದ್ದರೆ ಮೊದಲ ದಿನ ನಾಲ್ಕು ಡಬ್ಬಿ, ಮೂರನೇ ದಿನ ಒಂದೂ ಇಲ್ಲ.

ಮನಸ್ಸು ಬಿಚ್ಚಿ ಮಾತಾಡಲು ಯಾರು ಎಂಬ ಪ್ರಶ್ನೆಗೆ ಹೊಸ ಬಳಗ ಎರಡು ವರ್ಷ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹಳಬರು. ನಿಮಗೆ ಸಾಗರದಲ್ಲಿ ಇನ್ನೂರು ಗಂಟೆ ಎಂದೋ ಮುಗಿದಿರುವ ಗೆಳತಿಯರಿದ್ದಾರೆ. ಇಬ್ಬರನ್ನು ಆರಿಸಿ, ವಾರಕ್ಕೊಂದು ದಿನ, ಗೊತ್ತಾದ ಹೊತ್ತಿಗೆ, ಇಪ್ಪತ್ತು ನಿಮಿಷ ಫೋನ್ ಮಾಡಿ. ಹೊತ್ತು ಗೊತ್ತಿಲ್ಲದ ಫೋನು ಎತ್ತಿದ ಕೂಡಲೇ "ಏನು ವಿಶೇಷ?" ಎನ್ನಿಸುತ್ತದೆ, ವಿಶೇಷವೇನೂ ಇಲ್ಲದೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆಂದು ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಏನೂ ಬೇಡ ಅನ್ನಿಸುತ್ತಿದೆ ಎಂದಾದರೆ ಗೆಳತಿಯರಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀರಿ: ಆರು ವರ್ಷಕ್ಕೆ ಯಜಮಾನರ ನಿವೃತ್ತಿ, ಆಮೇಲೆ ಸಾಗರಕ್ಕೇ ಹೋಗುವುದಿದೆ, ಇಲ್ಲಿ ಬಳಗ ಕಟ್ಟಿ ಏನು ಪ್ರಯೋಜನ ಎಂದು. ಆರು ವರ್ಷದಲ್ಲಿ ಇನ್ನೂರು ಗಂಟೆ ಮೂರು ಸಲ ಆಗಿಹೋಗುತ್ತದೆ, ಅಷ್ಟು ದಿನ ಸುಮ್ಮನೆ ಕೂರಲು ಕಾರಣವಿಲ್ಲ. ಸಾಗರದ ನಿಮ್ಮ ಬೀದಿಯಲ್ಲೂ ಅಷ್ಟರಲ್ಲಿ ಎಷ್ಟು ಮನೆಗೆ ಬೀಗ ಬಿದ್ದಿರುತ್ತದೆ, ಯಾರ್‍ಯಾರು ಮಕ್ಕಳ ಹತ್ತಿರ ಬೆಂಗಳೂರಿಗೇ ಬಂದಿರುತ್ತಾರೆ, ಈಗಲೇ ವಿಚಾರಿಸಿ. ಹೋಗುವುದು ಖಚಿತವಾದರೆ ನಿವೃತ್ತಿಗೆ ಒಂದು ವರ್ಷ ಇರುವಾಗಲೇ ತಿಂಗಳಿಗೆ ನಾಲ್ಕು ದಿನ ಅಲ್ಲಿ ಹೋಗಿದ್ದು ಬನ್ನಿ, ಮತ್ತು ಯಜಮಾನರನ್ನೂ ಕರೆದುಕೊಂಡು ಹೋಗಿ. ಇಷ್ಟು ವರ್ಷ ಬ್ಯಾಂಕು ಬಿಟ್ಟರೆ ಅವರಿಗೆ ಯಾರಿದ್ದಾರೆ ಎಂದು ನಿಮ್ಮ ಪತ್ರದಲ್ಲಿ ಎಲ್ಲೂ ಬರೆದಿಲ್ಲ.